ಥ್ಯಾಂಕ್ಸ್‌ಗಿವಿಂಗ್ ಸಿಹಿತಿನಿಸುಗಳಿಗೆ ಮನೆಯಲ್ಲೇ ಮಾಡುವ ಟಾಪಿಂಗ್‌ಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ಅಮೆರಿಕದಲ್ಲಿ ನೆಲೆಸಿರುವ ಕನ್ನಡ ಕುಟುಂಬಗಳು ಅಲ್ಲಿನ ಕೃತಜ್ಞತೆಯ ಹಬ್ಬವಾದ ಥ್ಯಾಂಕ್ಸ್‌ಗಿವಿಂಗ್ ಹತ್ತಿರವಾದಂತೆ ಕೇಳುವ ಪ್ರಶ್ನೆಗಳನ್ನು ಇಲ್ಲಿ ಒಟ್ಟುಗೂಡಿಸಲಾಗಿದೆ. ಹಿಟ್ಟಿನ ಹೊದಿಕೆಯಲ್ಲಿ ಹೂರಣ ತುಂಬಿ ಬೇಯಿಸುವ ಪೈ ಮಾಡುವ ಕ್ರಮ ಎಲ್ಲೆಡೆ ಸಿಗುತ್ತದೆಯಾದ್ದರಿಂದ ಇಲ್ಲಿನ ಮಾತು ಬಹುಪಾಲು ಪೈಯ ಮೇಲೆ ಬೀಳುವ ಕ್ರೀಮ್, ಕ್ಯಾರಮೆಲ್, ಹಣ್ಣಿನ ಸಾಸ್ ಮತ್ತು ಬೀಜಗಳಿಗೆ, ಅವುಗಳ ಸುತ್ತ ಬೆಳೆಯುವ ಮನೆಯ ನೆನಪುಗಳಿಗೆ ಸೀಮಿತವಾಗಿದೆ.

ಈ ಹಬ್ಬದ ಸಿಹಿಗಳು ಯಾವುವು? ಯಾವುದರ ಮೇಲೆ ಏನು ಹಾಕುವುದು ವಾಡಿಕೆ?

ನವೆಂಬರ್ ತಿಂಗಳ ನಾಲ್ಕನೆಯ ಗುರುವಾರದ ಊಟದಲ್ಲಿ ಸಿಹಿಗುಂಬಳದ ಪೈ, ಸೇಬಿನ ಪೈ ಮತ್ತು ಪೆಕಾನ್ ಎಂಬ ಬೀಜದ ಪೈ ಹೆಚ್ಚಾಗಿ ಕಾಣಿಸುತ್ತವೆ. ದಕ್ಷಿಣದ ರಾಜ್ಯಗಳಲ್ಲಿ, ಅದರಲ್ಲೂ ಆಫ್ರಿಕನ್ ಅಮೆರಿಕನ್ ಮನೆಗಳಲ್ಲಿ, ಗೆಣಸಿನ ಪೈಗೆ ಕುಂಬಳದ್ದಕ್ಕಿಂತ ಹೆಚ್ಚಿನ ಸ್ಥಾನವಿದೆ. ಕುಂಬಳ ಮತ್ತು ಗೆಣಸಿನ ಪೈಗಳ ಹೂರಣ ಮೃದುವಾಗಿ, ಮಸಾಲೆಯ ಘಮದಿಂದ ಕೂಡಿರುವುದರಿಂದ ಅವುಗಳಿಗೆ ಕಡೆದ ಕ್ರೀಮ್ ಹೊಂದುತ್ತದೆ. ಸೇಬಿನ ಹುಳಿಗೆ ಕ್ಯಾರಮೆಲ್ ಸೇರಬೇಕು. ಪೆಕಾನ್ ಪೈ ತಾನೇ ಅತಿ ಸಿಹಿಯಾಗಿರುವುದರಿಂದ ಅದರ ಮೇಲೆ ಸಕ್ಕರೆ ಹಾಕದ ಕ್ರೀಮನ್ನೋ ಕಾಫಿಯ ಕಹಿ ಇರುವ ಕ್ರೀಮನ್ನೋ ಬಡಿಸುವುದು ಒಳ್ಳೆಯದು.

ಪೈಯನ್ನು ಅಂಗಡಿಯಿಂದ ತಂದು ಟಾಪಿಂಗ್ ಮಾತ್ರ ಮನೆಯಲ್ಲಿ ಮಾಡಿದರೆ ಸಾಕೇ?

ಖಂಡಿತ ಸಾಕು. ಕುಂಬಳದ ಪೈಯ ಹೂರಣಕ್ಕೆ ಬಹಳಷ್ಟು ಮನೆಗಳಲ್ಲಿ ಒಂದೇ ಬಗೆಯ ಡಬ್ಬಿಯ ತಿರುಳನ್ನು ಬಳಸುತ್ತಾರೆ, ಮಸಾಲೆಯೂ ಹೆಚ್ಚುಕಡಿಮೆ ಒಂದೇ. ಹೀಗಾಗಿ ಒಂದು ಮನೆಯ ಪೈಗೂ ಇನ್ನೊಂದು ಮನೆಯ ಪೈಗೂ ಇರುವ ವ್ಯತ್ಯಾಸ ಅದರ ಮೇಲೆ ಬಿದ್ದಿರುವುದರಲ್ಲಿ ಎದ್ದು ಕಾಣುತ್ತದೆ. ಒತ್ತಿದರೆ ನೊರೆಯಾಗಿ ಬರುವ ರೆಡಿ-ವಿಪ್ 1948ರಲ್ಲಿ, ಡಬ್ಬಿಯಲ್ಲಿ ಹೆಪ್ಪುಗಟ್ಟಿಸಿ ಮಾರುವ ಕೂಲ್ ವಿಪ್ 1966ರಲ್ಲಿ ಮಾರುಕಟ್ಟೆಗೆ ಬಂದವು. ಅನೇಕ ಅಮೆರಿಕನ್ನರಿಗೆ ಅವೇ ಬಾಲ್ಯದ ರುಚಿ, ಆ ಪ್ರೀತಿಯನ್ನು ಗೌರವಿಸಬೇಕು. ಆದರೂ ಹತ್ತು ನಿಮಿಷದಲ್ಲಿ ಕೈಯಾರೆ ಕಡೆದ ಕ್ರೀಮಿಗೆ ನಮಗೆ ಬೇಕಾದ ಪರಿಮಳವನ್ನು, ನಮಗೆ ಬೇಕಾದಷ್ಟೇ ಸಿಹಿಯನ್ನು ಕೊಡಬಹುದು, ಮತ್ತು ಮುಂದಿನ ವರ್ಷ ಮನೆಯವರು ನೆನಪಿಟ್ಟು ಕೇಳುವುದು ಅದನ್ನೇ. ಸಮಯ ಕಡಿಮೆ ಇದ್ದರೆ ಪೈಯನ್ನು ಕೊಂಡು ತನ್ನಿ, ಟಾಪಿಂಗ್ ಮಾತ್ರ ಮನೆಯದೇ ಇರಲಿ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಯಾವ ಕ್ರೀಮ್ ಕೊಳ್ಳಬೇಕು? ಅದನ್ನು ಹೇಗೆ ಕಡೆಯಬೇಕು?

ಪೊಟ್ಟಣದ ಮೇಲೆ ಹೆವಿ ಕ್ರೀಮ್ ಅಥವಾ ಹೆವಿ ವಿಪ್ಪಿಂಗ್ ಕ್ರೀಮ್ ಎಂದು ಬರೆದಿರಬೇಕು. ಅಮೆರಿಕದ ನಿಯಮದ ಪ್ರಕಾರ ಅದರಲ್ಲಿ ಕನಿಷ್ಠ 36% ಹಾಲಿನ ಕೊಬ್ಬು ಇರುತ್ತದೆ. ಹಾಲು, ಕ್ರೀಮ್ ಬೆರೆಸಿದ ಹಾಫ್ ಅಂಡ್ ಹಾಫ್ ಎಂಬುದು ಎಷ್ಟು ಕಡೆದರೂ ನಿಲ್ಲುವುದಿಲ್ಲ. ಭಾರತದಲ್ಲಿ ಫ್ರೆಶ್ ಕ್ರೀಮ್ ಎಂಬ ಹೆಸರಿನಲ್ಲಿ ಸಿಗುವ, ಸುಮಾರು 25% ಕೊಬ್ಬಿನ ಪೊಟ್ಟಣವೂ ಹಾಗೆಯೇ, ಆದ್ದರಿಂದ ಬೆಂಗಳೂರಿನಲ್ಲೋ ಮೈಸೂರಿನಲ್ಲೋ ಇದನ್ನು ಮಾಡಿ ನೋಡುವವರು ವಿಪ್ಪಿಂಗ್ ಕ್ರೀಮ್ ಎಂದೇ ಕೇಳಿ ಕೊಳ್ಳಬೇಕು.

ಕ್ರೀಮ್ ಏಕೆ ನೊರೆಯಾಗಿ ನಿಲ್ಲುತ್ತದೆ ಎಂಬುದನ್ನು ತಿಳಿದರೆ ಉಳಿದದ್ದು ಸುಲಭ. ಕಡೆಯುವಾಗ ಒಳಗೆ ಗಾಳಿಯ ಗುಳ್ಳೆಗಳು ಸೇರುತ್ತವೆ, ಕೊಬ್ಬಿನ ಸಣ್ಣ ಕಣಗಳ ಹೊರಪದರ ಹರಿದು ಅವು ಒಂದಕ್ಕೊಂದು ಅಂಟಿಕೊಂಡು ಆ ಗುಳ್ಳೆಗಳ ಸುತ್ತ ಗೋಡೆ ಕಟ್ಟುತ್ತವೆ. ಕೊಬ್ಬು ತಣ್ಣಗೆ, ಅರೆಗಟ್ಟಿಯಾಗಿ ಇದ್ದರೆ ಮಾತ್ರ ಈ ಗೋಡೆ ನಿಲ್ಲುತ್ತದೆ. ಆದ್ದರಿಂದ ಕ್ರೀಮನ್ನು ಫ್ರಿಜ್ಜಿನಿಂದ ತೆಗೆದ ಕೂಡಲೇ ಬಳಸಬೇಕು, ಸ್ಟೀಲಿನ ಪಾತ್ರೆಯನ್ನೂ ಬೀಟರಿನ ಕಡ್ಡಿಗಳನ್ನೂ ಕಾಲು ಗಂಟೆ ಫ್ರೀಜರಿನಲ್ಲಿಟ್ಟು ತಣ್ಣಗಾಗಿಸಬೇಕು. ಓವನ್ ಬೆಳಗಿನಿಂದ ಉರಿಯುತ್ತಿರುವ ಹಬ್ಬದ ದಿನದ ಅಡುಗೆಮನೆಯಲ್ಲಿ ಈ ಎಚ್ಚರಿಕೆ ಇನ್ನಷ್ಟು ಅಗತ್ಯ.

ಒಂದು ಕಪ್, ಅಂದರೆ 240 ಮಿಲಿಲೀಟರ್ ಕ್ರೀಮಿಗೆ ಒಂದರಿಂದ ಎರಡು ಟೇಬಲ್ ಚಮಚ ಸಕ್ಕರೆ ಸಾಕು, ಅದು ಕಡೆದ ಮೇಲೆ ಸುಮಾರು ಎರಡು ಕಪ್ ಆಗುತ್ತದೆ. ಮೊದಲು ನಿಧಾನವಾಗಿ, ಅನಂತರ ಮಧ್ಯಮ ವೇಗದಲ್ಲಿ ಕಡೆಯಿರಿ. ಬೀಟರನ್ನು ಎತ್ತಿದಾಗ ಏಳುವ ತುದಿ ಮೆಲ್ಲಗೆ ಬಾಗಿದರೆ ಪೈಯ ಮೇಲೆ ಚಮಚದಲ್ಲಿ ಬಡಿಸಲು ಹದವಾಗಿದೆ, ನೆಟ್ಟಗೆ ನಿಂತರೆ ಅಲಂಕಾರಕ್ಕೆ ತಕ್ಕ ಹದ. ಅದಕ್ಕಿಂತ ಮುಂದೆ ಹೋದರೆ ತರಿತರಿಯಾಗಿ, ಕೊನೆಗೆ ಬೆಣ್ಣೆಯೂ ಮಜ್ಜಿಗೆಯಂಥ ನೀರೂ ಬೇರೆಯಾಗುತ್ತವೆ. ಮನೆಯಲ್ಲಿ ಬೆಣ್ಣೆ ತೆಗೆದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ತರಿ ಕಾಣಿಸಿಕೊಳ್ಳಲು ಆಗತಾನೇ ಆರಂಭವಾಗಿದ್ದರೆ ಎರಡು ಮೂರು ಚಮಚ ಕಡೆಯದ ಕ್ರೀಮನ್ನು ಸೇರಿಸಿ ಕೈಯಿಂದ ಮೆಲ್ಲಗೆ ತಿರುವಿದರೆ ಸರಿಹೋಗುತ್ತದೆ.

ಕ್ರೀಮಿಗೆ ಬೇರೆ ಬೇರೆ ಪರಿಮಳ ಕೊಡುವುದು ಹೇಗೆ?

ಇದಕ್ಕೆ ಎರಡು ದಾರಿಗಳಿವೆ. ಪುಡಿ, ಸಿರಪ್ ಅಥವಾ ಸಾರವನ್ನು ಕಡೆಯುವಾಗಲೇ ಬೆರೆಸುವುದು ಮೊದಲನೆಯದು. ದಾಲ್ಚಿನ್ನಿ, ಒಣಶುಂಠಿ, ಜಾಯಿಕಾಯಿ, ಲವಂಗ ಮತ್ತು ಜಮೈಕಾದ ಆಲ್‌ಸ್ಪೈಸ್ ಸೇರಿದ ಪಂಪ್ಕಿನ್ ಪೈ ಮಸಾಲೆಯನ್ನು ಒಂದು ಕಪ್ ಕ್ರೀಮಿಗೆ ಅರ್ಧ ಟೀ ಚಮಚ ಹಾಕಿದರೆ ಸೇಬಿನ ಪೈಗೆ ಚೆನ್ನಾಗಿ ಹೊಂದುತ್ತದೆ. ಕುಂಬಳದ ಪೈಯಲ್ಲಿ ಆ ಮಸಾಲೆ ಈಗಾಗಲೇ ಇರುವುದರಿಂದ ಮೇಲೆ ಮತ್ತೆ ಅದನ್ನೇ ಹಾಕುವ ಬದಲು ಮೇಪಲ್ ಮರದ ರಸವನ್ನು ಬತ್ತಿಸಿ ಮಾಡಿದ ಮೇಪಲ್ ಸಿರಪ್ ಬಳಸುವುದು ಲೇಸು. ಸಕ್ಕರೆಯನ್ನು ಪೂರ್ತಿಯಾಗಿ ಬಿಟ್ಟು ಎರಡು ಟೇಬಲ್ ಚಮಚ ಸಿರಪ್ ಹಾಕಿ. ಅಂಗಡಿಯಲ್ಲಿ ಬಣ್ಣದ ಮೇಲೆ ದರ್ಜೆ ಬರೆದಿರುತ್ತಾರೆ. ಗೋಲ್ಡನ್ ದರ್ಜೆಯ ನವಿರಾದ ರುಚಿ ಕ್ರೀಮಿನಲ್ಲಿ ಕಳೆದುಹೋಗುತ್ತದೆ, ಡಾರ್ಕ್ ದರ್ಜೆಯದೇ ಬೇಕು.

ಎರಡನೆಯ ದಾರಿಯಲ್ಲಿ ಕ್ರೀಮನ್ನು ಕುದಿಯದಂತೆ ಬಿಸಿ ಮಾಡಿ, ಜಜ್ಜಿದ ಏಲಕ್ಕಿ, ದಾಲ್ಚಿನ್ನಿ ಚಕ್ಕೆ, ಕಿತ್ತಳೆ ಸಿಪ್ಪೆ ಅಥವಾ ಹುರಿದ ಕಾಫಿ ಬೀಜವನ್ನು ಅದರಲ್ಲಿ ಅರ್ಧ ಗಂಟೆ ನೆನೆಸಿ, ಶೋಧಿಸಿ, ರಾತ್ರಿಯಿಡೀ ಫ್ರಿಜ್ಜಿನಲ್ಲಿಟ್ಟು ಮರುದಿನ ಕಡೆಯಬೇಕು. ಪರಿಮಳವು ಕೊಬ್ಬಿನಲ್ಲಿ ಇಳಿದಿರುವುದರಿಂದ ಬಾಯಲ್ಲಿ ಪುಡಿ ಸಿಗದೆ ಘಮ ಮಾತ್ರ ಉಳಿಯುತ್ತದೆ. ನನಗೆ ಬಹಳ ಇಷ್ಟವಾದದ್ದು ಏಲಕ್ಕಿಯದು. ಅವಸರವಿದ್ದರೆ ಫಿಲ್ಟರ್ ಕಾಫಿಯ ಗಟ್ಟಿ ಡಿಕಾಕ್ಷನ್ನನ್ನು ಪೂರ್ತಿ ತಣ್ಣಗಾಗಿಸಿ, ಒಂದು ಕಪ್ ಕ್ರೀಮಿಗೆ ಒಂದು ಟೇಬಲ್ ಚಮಚದಂತೆ ಕಡೆಯುವಾಗಲೇ ಬೆರೆಸಬಹುದು. ಪೆಕಾನ್ ಪೈಯ ಅತಿಸಿಹಿಯನ್ನು ಅದು ಹದಕ್ಕೆ ತರುತ್ತದೆ. ಕಿತ್ತಳೆ, ನಿಂಬೆಗಳ ಸಿಪ್ಪೆಯನ್ನು ಬಳಸಿ, ರಸವನ್ನು ಬಿಸಿ ಕ್ರೀಮಿಗೆ ಹಾಕಬೇಡಿ, ಒಡೆಯುತ್ತದೆ.

ಹಿಂದಿನ ದಿನವೇ ಮಾಡಿಟ್ಟರೆ ನೀರು ಬಿಡುವುದಿಲ್ಲವೇ? ನಾವು ಜೆಲಟಿನ್ ಬಳಸುವುದಿಲ್ಲ.

ಬರಿಯ ಕ್ರೀಮ್ ಕೆಲವು ಗಂಟೆಗಳ ನಂತರ ತಳದಲ್ಲಿ ನೀರು ಬಿಡುತ್ತದೆ. ಅಮೆರಿಕದ ಅನೇಕ ಪಾಕಕ್ರಮಗಳು ಇದಕ್ಕೆ ಜೆಲಟಿನ್ ಹೇಳುತ್ತವೆ, ಅದು ಪ್ರಾಣಿಗಳ ಚರ್ಮ ಮತ್ತು ಮೂಳೆಯಿಂದ ಬರುವುದರಿಂದ ಸಸ್ಯಾಹಾರಿಗಳಿಗೆ ಸಲ್ಲದು. ಗೆಣಸಿನ ಖಾದ್ಯದ ಮೇಲೆ ಹಾಕುವ ಮೆತ್ತನೆಯ ಸಿಹಿಯಾದ ಮಾರ್ಷ್‌ಮ್ಯಾಲೋದಲ್ಲಿಯೂ ಸಾಮಾನ್ಯವಾಗಿ ಅದೇ ಇರುತ್ತದೆ ಎಂಬುದನ್ನು ಊರಿನಿಂದ ಬಂದ ಹಿರಿಯರಿಗೆ ಬಡಿಸುವ ಮೊದಲು ಗಮನಿಸಬೇಕು. ಜೆಲಟಿನ್ ಬದಲಿಗೆ ಒಂದು ಕಪ್ ಕ್ರೀಮಿಗೆ 55 ಗ್ರಾಂ ಮಸ್ಕಾರ್ಪೋನೆ ಎಂಬ ಇಟಲಿಯ ಮೃದು ಚೀಸನ್ನು ಅಥವಾ ಕ್ರೀಮ್ ಚೀಸನ್ನು ಮೊದಲು ಮೃದುವಾಗಿ ಕಲಸಿ, ಅದಕ್ಕೆ ಕ್ರೀಮನ್ನು ಸ್ವಲ್ಪ ಸ್ವಲ್ಪವೇ ಸುರಿದು ಕಡೆದರೆ ಮರುದಿನದವರೆಗೂ ಗಟ್ಟಿಯಾಗಿ ನಿಲ್ಲುತ್ತದೆ. ಹರಳು ಸಕ್ಕರೆಯ ಬದಲು ಅಂಗಡಿಯ ಪುಡಿ ಸಕ್ಕರೆ ಬಳಸಿದರೂ ಕೊಂಚ ನೆರವಾಗುತ್ತದೆ, ಏಕೆಂದರೆ ಅದರಲ್ಲಿ ಸ್ವಲ್ಪ ಮೆಕ್ಕೆಜೋಳದ ಪಿಷ್ಟ ಸೇರಿರುತ್ತದೆ.

ಕ್ಯಾರಮೆಲ್ ಮಾಡಲು ಭಯವಾಗುತ್ತದೆ. ಸುಟ್ಟುಹೋಗದಂತೆ ಮಾಡುವುದು ಹೇಗೆ?

ಪಾಕದ ಹದ ನೋಡಿ ಮೈಸೂರು ಪಾಕ್ ಮಾಡಬಲ್ಲ ಕೈಗೆ ಕ್ಯಾರಮೆಲ್ ಕಷ್ಟವಲ್ಲ. ಇದರಲ್ಲಿ ಎಳೆಯನ್ನು ನೋಡುವುದಿಲ್ಲ, ಬಣ್ಣವನ್ನು ನೋಡುತ್ತಾರೆ, ಅಷ್ಟೇ ವ್ಯತ್ಯಾಸ. ಒಂದು ಕಪ್ (200 ಗ್ರಾಂ) ಸಕ್ಕರೆ, 85 ಗ್ರಾಂ ಬೆಣ್ಣೆ, ಅರ್ಧ ಕಪ್ ಹೆವಿ ಕ್ರೀಮ್ ಮತ್ತು ಒಂದು ಟೀ ಚಮಚದಷ್ಟು ಉಪ್ಪನ್ನು ಅಳೆದು ಒಲೆಯ ಪಕ್ಕದಲ್ಲೇ ಇಟ್ಟುಕೊಳ್ಳಿ, ಏಕೆಂದರೆ ಸಕ್ಕರೆ ಬಣ್ಣ ತಿರುಗಿದ ಮೇಲೆ ಹುಡುಕಾಡಲು ಸಮಯವಿರುವುದಿಲ್ಲ. ದಪ್ಪ ತಳದ, ಎತ್ತರವಾದ ಪಾತ್ರೆಯಲ್ಲಿ ಸಕ್ಕರೆಯನ್ನು ಮಧ್ಯಮ ಉರಿಯಲ್ಲಿ ಕರಗಿಸಿ. ಮೊದಲು ಗಂಟುಗಂಟಾಗಿ ಕಂಡರೂ ಮಗುಚುತ್ತಿದ್ದಂತೆ ಎಲ್ಲವೂ ಕರಗುತ್ತದೆ. ಸುಮಾರು 170 ಡಿಗ್ರಿ ಸೆಲ್ಸಿಯಸ್ ದಾಟಿದಾಗ ಜೇನಿನ ಬಣ್ಣ ಗಾಢವಾಗುತ್ತ ಬರುತ್ತದೆ. ಆಗ ಬೆಣ್ಣೆಯನ್ನು ಹಾಕಿ ಕಲಸಿ, ಉರಿಯಿಂದ ಇಳಿಸಿ, ಬೆಚ್ಚಗಿನ ಕ್ರೀಮನ್ನು ನಿಧಾನವಾಗಿ ಸುರಿಯಿರಿ. ಅದು ಭರ್ರನೆ ಉಕ್ಕಿ ಬರುತ್ತದೆ, ಮಕ್ಕಳನ್ನು ದೂರವಿರಿಸಿ. ಕ್ರೀಮ್ ತಣ್ಣಗಿದ್ದರೆ ಉಕ್ಕುವುದು ಹೆಚ್ಚು, ಸಕ್ಕರೆಯೂ ಗಟ್ಟಿಯಾಗಿ ಅಂಟಿಕೊಳ್ಳುತ್ತದೆ. ಕೊನೆಗೆ ಉಪ್ಪು ಬೆರೆಸಿ. ಗಾಜಿನ ಸೀಸೆಯಲ್ಲಿ, ಫ್ರಿಜ್ಜಿನಲ್ಲಿ ಇದು ಎರಡು ವಾರ ಇರುವುದರಿಂದ ಹಬ್ಬದ ಹಿಂದಿನ ಶನಿವಾರವೇ ಮಾಡಿ ಮುಗಿಸಬಹುದು.

ಸಕ್ಕರೆಯ ಬದಲು ಬೆಲ್ಲದಿಂದ ಮಾಡಬಹುದೇ?

ಮಾಡಬಹುದು, ಆದರೆ ಕ್ಯಾರಮೆಲ್ಲಿನ ಕ್ರಮದಲ್ಲಿ ಅಲ್ಲ. ಬೆಲ್ಲವನ್ನು ಒಣಪಾತ್ರೆಯಲ್ಲಿ ಕಾಯಿಸಿದರೆ ಬಣ್ಣ ನೋಡಿ ಹದ ಹೇಳಲಾಗದು, ಬೇಗ ಸೀಯುತ್ತದೆ. ಒಂದು ಕಪ್ ಪುಡಿ ಬೆಲ್ಲವನ್ನು ಕಾಲು ಕಪ್ ನೀರಿನಲ್ಲಿ ಕರಗಿಸಿ, ಕಸವನ್ನು ಶೋಧಿಸಿ, ಒಂದೆಳೆ ಪಾಕದ ಹದಕ್ಕೆ ಸ್ವಲ್ಪ ಮುಂಚೆ ಇಳಿಸಿ, ಎರಡು ಚಮಚ ಬೆಣ್ಣೆ ಅಥವಾ ತುಪ್ಪ ಬೆರೆಸಿ. ಬೆಲ್ಲದ ಪಾಯಸಕ್ಕೆ ಹಾಲು ಹಾಕುವಾಗ ಇರುವ ಎಚ್ಚರಿಕೆಯೇ ಇಲ್ಲಿಯೂ ಬೇಕು: ಪಾಕ ಉಗುರುಬೆಚ್ಚಗಾದ ಮೇಲೆ ಮಾತ್ರ ಕ್ರೀಮ್ ಸೇರಿಸಬೇಕು, ಇಲ್ಲವಾದರೆ ಒಡೆಯುತ್ತದೆ. ಚಿಟಿಕೆ ಒಣಶುಂಠಿಯೂ ಏಲಕ್ಕಿಯೂ ಇದ್ದರೆ ಈ ಸಾಸ್ ಗೆಣಸಿನ ಪೈಗೆ ಹೇಳಿ ಮಾಡಿಸಿದಂತಿರುತ್ತದೆ. ನಮ್ಮ ಅತ್ತಿಗೆ ಮೊದಲ ಬಾರಿ ಇದನ್ನು ಮೇಜಿಗೆ ತಂದಾಗ ಪೈ ಮುಟ್ಟದ ಮಾವನವರು ಬರಿಯ ಗೆಣಸನ್ನು ಬೇಯಿಸಿಕೊಂಡು ಅದರ ಮೇಲೆ ಸುರಿದುಕೊಂಡು ತಿಂದರು. ಆ ಗುರುವಾರದ ಊಟಕ್ಕೆ ಬೇಯಿಸಿದ ಗೆಣಸು ಅಂದಿನಿಂದ ಸೇರಿಹೋಗಿದೆ.

ಕ್ರ್ಯಾನ್‌ಬೆರಿ ಸಾಸ್ ಊಟದ ಜೊತೆಗೆ ಮಾತ್ರವೇ, ಸಿಹಿಗೂ ಬರುತ್ತದೆಯೇ?

ಸಿಹಿಗೂ ಬರುತ್ತದೆ. ಚೀಸ್‌ಕೇಕ್ ಮೇಲೆ ಈ ಸಣ್ಣ ಕೆಂಪು ಹಣ್ಣಿನ ಹುಳಿ ಬಹಳ ಹಿತ. 340 ಗ್ರಾಂ ತೂಗುವ ಒಂದು ಚೀಲ ತಾಜಾ ಹಣ್ಣಿಗೆ ಒಂದು ಕಪ್ ಸಕ್ಕರೆ, ಒಂದು ಕಪ್ ನೀರು ಅಥವಾ ಕಿತ್ತಳೆ ರಸ ಹಾಕಿ ಹತ್ತು ನಿಮಿಷ ಕುದಿಸಿದರೆ ಹಣ್ಣುಗಳು ಪಟಪಟನೆ ಒಡೆದುಕೊಂಡು, ತಮ್ಮಲ್ಲೇ ಇರುವ ಪೆಕ್ಟಿನ್ ಎಂಬ ಅಂಟಿನಿಂದ ಆರುತ್ತಲೇ ಗಟ್ಟಿಯಾಗುತ್ತವೆ. ಸಿಹಿಯ ಮೇಲೆ ಸುರಿಯುವುದಕ್ಕಾದರೆ ಇನ್ನೂ ಕಾಲು ಕಪ್ ನೀರು ಹೆಚ್ಚಿಗೆ ಇರಲಿ. ವಿಸ್ಕಾನ್ಸಿನ್ ರಾಜ್ಯ ದೇಶದ ಅರ್ಧಕ್ಕಿಂತ ಹೆಚ್ಚು ಕ್ರ್ಯಾನ್‌ಬೆರಿಯನ್ನು ಬೆಳೆಯುತ್ತದೆ, ಮ್ಯಾಸಚೂಸೆಟ್ಸ್ ಅದರ ಹಳೆಯ ನೆಲೆ. ಶರತ್ಕಾಲದಲ್ಲಿ ಮಾತ್ರ ತಾಜಾ ಸಿಗುವುದರಿಂದ ಒಂದೆರಡು ಚೀಲ ಹೆಚ್ಚು ಕೊಂಡು ಫ್ರೀಜರಿನಲ್ಲಿಡಿ. ನಮ್ಮ ಕಡೆಯ ಸಾಸಿವೆ, ಇಂಗಿನ ಒಗ್ಗರಣೆ ಹಾಕಿದ ಕ್ರ್ಯಾನ್‌ಬೆರಿ ಗೊಜ್ಜು ಕನ್ನಡಿಗರ ಮನೆಗಳಲ್ಲಿ ಪ್ರಿಯವೇ ಆದರೂ ಅದು ಊಟದ ಎಲೆಗೆ ಸೇರಿದ್ದು.

ಪೆಕಾನ್ ಬೀಜಗಳಿಗೆ ಸಕ್ಕರೆ ಲೇಪಿಸುವುದು ಹೇಗೆ?

ಮೊಟ್ಟೆಯ ಬಿಳಿಭಾಗವನ್ನು ನೊರೆ ಮಾಡಿ, ಬೀಜಗಳನ್ನು ಅದರಲ್ಲಿ ಹೊರಳಿಸಿ, ಸಕ್ಕರೆ ದಾಲ್ಚಿನ್ನಿ ಲೇಪಿಸಿ ಓವನ್ನಿನಲ್ಲಿ 120 ಡಿಗ್ರಿ ಸೆಲ್ಸಿಯಸ್ಸಿನಲ್ಲಿ ಒಂದು ಗಂಟೆ ಒಣಗಿಸುವುದು ಇಲ್ಲಿನ ಪದ್ಧತಿ. ಮೊಟ್ಟೆ ಬೇಡವೆಂದರೆ ಬಾಣಲೆಯಲ್ಲಿ ಒಂದು ಕಪ್ ಪೆಕಾನ್, ಕಾಲು ಕಪ್ ಸಕ್ಕರೆ, ಒಂದು ಟೇಬಲ್ ಚಮಚ ಬೆಣ್ಣೆಯನ್ನು ಬಿಡದೆ ಮಗುಚುತ್ತ ಐದಾರು ನಿಮಿಷ ಹುರಿದು, ತಟ್ಟೆಯಲ್ಲಿ ಬಿಡಿಬಿಡಿಯಾಗಿ ಹರಡಬೇಕು.

ಈ ಬೀಜದ ಹಿಂದೆ ಎಲ್ಲರೂ ತಿಳಿಯಬೇಕಾದ ಒಬ್ಬ ಮನುಷ್ಯನಿದ್ದಾನೆ. ಪೆಕಾನ್ ಉತ್ತರ ಅಮೆರಿಕದ್ದೇ ಆದ ಮರ, ಆದರೆ ಕಾಡುಮರಗಳ ಬೀಜ ಒಂದರಂತೆ ಒಂದು ಇರುವುದಿಲ್ಲ. 1840ರ ದಶಕದಲ್ಲಿ ಲೂಸಿಯಾನದ ಓಕ್ ಆಲಿ ಎಂಬ ತೋಟದಲ್ಲಿ ಗುಲಾಮನಾಗಿ ದುಡಿಯುತ್ತಿದ್ದ ಆಂಟ್ವಾನ್ ಎಂಬ ತೋಟಗಾರ ಒಳ್ಳೆಯ ತಳಿಯ ಪೆಕಾನ್‌ಗೆ ಕಸಿ ಕಟ್ಟುವುದರಲ್ಲಿ ಯಶಸ್ವಿಯಾದ. ಆ ತಳಿಯ ಬೀಜ 1876ರಲ್ಲಿ ಫಿಲಡೆಲ್ಫಿಯಾದ ಶತಮಾನೋತ್ಸವ ಪ್ರದರ್ಶನದಲ್ಲಿ ಮನ್ನಣೆ ಪಡೆದು ಸೆಂಟೆನಿಯಲ್ ಎಂಬ ಹೆಸರು ಗಳಿಸಿತು. ಇಂದು ಒಂದೇ ಅಳತೆಯ, ತೆಳು ಸಿಪ್ಪೆಯ ಪೆಕಾನ್ ಚೀಲದಲ್ಲಿ ಸಿಗುವುದರ ಹಿಂದೆ ಅವನ ಕೈಯ ಕೌಶಲವಿದೆ, ಆದರೆ ಅವನ ಪೂರ್ಣ ಹೆಸರು ಕೂಡ ದಾಖಲೆಗಳಲ್ಲಿ ಉಳಿದಿಲ್ಲ. ಮಕ್ಕಳಿಗೆ ಪೆಕಾನ್ ಪೈ ಬಡಿಸುವಾಗ ನಾವು ಅವನ ಹೆಸರನ್ನು ಹೇಳುತ್ತೇವೆ.

ಸೇಬಿನ ಪೈ ಮೇಲೆ ಚೀಸ್ ಇಡುತ್ತಾರೆಂಬುದು ನಿಜವೇ?

ನಿಜ. ಅಮೆರಿಕದ ಈಶಾನ್ಯ ಭಾಗವಾದ ನ್ಯೂ ಇಂಗ್ಲೆಂಡಿನಲ್ಲಿ ಅದು ಹಳೆಯ ರೂಢಿ. ವರ್ಮಾಂಟ್ ರಾಜ್ಯವು 1999ರಲ್ಲಿ ಸೇಬಿನ ಪೈಯನ್ನು ರಾಜ್ಯದ ಪೈ ಎಂದು ಘೋಷಿಸಿದಾಗ, ಅದನ್ನು ತಣ್ಣನೆಯ ಹಾಲು, ಕನಿಷ್ಠ ಅರ್ಧ ಔನ್ಸ್ ಚೆಡ್ಡರ್ ಚೀಸ್ ಅಥವಾ ವೆನಿಲ್ಲಾ ಐಸ್‌ಕ್ರೀಮ್ ಜೊತೆ ಬಡಿಸಲು ಪ್ರಯತ್ನಿಸಬೇಕೆಂದು ಕಾನೂನಿನಲ್ಲೇ ಬರೆಯಿತು. ಚೀಸ್ ಒಗ್ಗದವರು ಮುಕ್ಕಾಲು ಕಪ್ ಮೈದಾ, ಅರ್ಧ ಕಪ್ ಬ್ರೌನ್ ಶುಗರ್, 85 ಗ್ರಾಂ ತಣ್ಣನೆಯ ಬೆಣ್ಣೆಯನ್ನು ಬೆರಳ ತುದಿಯಲ್ಲಿ ಪುಡಿಪುಡಿಯಾಗುವಂತೆ ಉಜ್ಜಿ ಪೈಯ ಮೇಲೆ ಹರಡಿ ಬೇಯಿಸಬಹುದು.

ಹಾಲು ತಿನ್ನದವರು, ಬೀಜಗಳ ಅಲರ್ಜಿ ಇರುವವರು ಬಂದರೆ?

ಗಟ್ಟಿ ತೆಂಗಿನ ಹಾಲಿನ ಡಬ್ಬಿಯನ್ನು ರಾತ್ರಿ ಫ್ರಿಜ್ಜಿನಲ್ಲಿಟ್ಟು, ಮೇಲೆ ಕಟ್ಟಿದ ಕೆನೆಯನ್ನು ಮಾತ್ರ ತೆಗೆದು ಪುಡಿ ಸಕ್ಕರೆಯೊಡನೆ ಕಡೆಯಿರಿ. ಕೊಬ್ಬು ಕಡಿಮೆ ಇರುವ ಲೈಟ್ ಡಬ್ಬಿ ಕೂಡದು. ಅಲರ್ಜಿಯ ವಿಷಯದಲ್ಲಿ ಸಂಕೋಚಕ್ಕೆ ಎಡೆ ಇರಬಾರದು. ಪೆಕಾನ್ ಬೆರೆತ ಟಾಪಿಂಗನ್ನು ಬೇರೆ ಮೇಜಿನಲ್ಲಿ, ಬೇರೆ ಚಮಚದೊಂದಿಗೆ ಇಟ್ಟು ಚೀಟಿ ಅಂಟಿಸಬೇಕು. ಒಂದು ವರ್ಷ ತುಂಬದ ಮಗುವಿಗೆ ಜೇನುತುಪ್ಪ ಬೆರೆತದ್ದನ್ನು ನೆಕ್ಕಿಸಲೂ ಬಾರದು. ಬರ್ಬನ್ ವಿಸ್ಕಿ ಹಾಕಿದ ಕ್ರೀಮಿನಲ್ಲಿ ಮದ್ಯ ಹಾಗೆಯೇ ಉಳಿದಿರುತ್ತದೆ ಎಂಬುದನ್ನು ಅತಿಥಿಗಳಿಗೆ ಹೇಳಿಯೇ ಬಡಿಸಬೇಕು.

ನೆಂಟರ ಮನೆಗೆ ಟಾಪಿಂಗ್ ಒಯ್ಯುವುದು ಹೇಗೆ?

ಕಾರಿನಲ್ಲಾದರೆ ಕ್ರೀಮನ್ನು ಕಡೆಯದೆ, ಐಸ್ ಪೆಟ್ಟಿಗೆಯಲ್ಲಿ ಒಯ್ದು ಅಲ್ಲಿಯೇ ಕಡೆಯುವುದು ಉತ್ತಮ. ವಿಮಾನದಲ್ಲಿ ಪೈಯನ್ನು ಕೈಚೀಲದಲ್ಲಿ ಒಯ್ಯಲು ಅನುಮತಿಯಿದೆ. ಆದರೆ ಕ್ಯಾರಮೆಲ್, ಕ್ರ್ಯಾನ್‌ಬೆರಿ ಸಾಸ್, ಮೇಪಲ್ ಸಿರಪ್‌ಗಳು ದ್ರವದ ಲೆಕ್ಕಕ್ಕೆ ಸೇರುವುದರಿಂದ 100 ಮಿಲಿಲೀಟರಿಗಿಂತ ಹೆಚ್ಚಿದ್ದರೆ ದೊಡ್ಡ ಪೆಟ್ಟಿಗೆಯಲ್ಲಿಟ್ಟು ಕಳುಹಿಸಬೇಕು. ಮೇಜಿನ ಮೇಲೆ ಇಟ್ಟ ಕ್ರೀಮನ್ನೂ ಕುಂಬಳದ ಪೈಯನ್ನೂ ಎರಡು ಗಂಟೆಯೊಳಗೆ ಫ್ರಿಜ್ಜಿಗೆ ಸೇರಿಸಬೇಕು.

ಊಟದ ಹೊತ್ತಿನಲ್ಲಿ ಮಕ್ಕಳಿಗೆ ಈ ಹಬ್ಬದ ಬಗ್ಗೆ ಏನು ಹೇಳುತ್ತೀರಿ?

1621ರಲ್ಲಿ ಪ್ಲಿಮತ್‌ನಲ್ಲಿ ಇಂಗ್ಲೆಂಡಿನಿಂದ ಬಂದ ವಲಸಿಗರೂ ಅಲ್ಲಿನ ಮೂಲನಿವಾಸಿಗಳಾದ ವಾಂಪನೋಗ್ ಜನರೂ ಕೂಡಿ ಉಂಡ ಊಟವನ್ನು, 1863ರಲ್ಲಿ ಅಂತರ್ಯುದ್ಧದ ನಡುವೆ ಅಧ್ಯಕ್ಷ ಲಿಂಕನ್ ಇದನ್ನು ರಾಷ್ಟ್ರದ ಕೃತಜ್ಞತೆಯ ದಿನವೆಂದು ಘೋಷಿಸಿದ್ದನ್ನು ಹೇಳುತ್ತೇವೆ. 1970ರಿಂದ ಪ್ಲಿಮತ್‌ನಲ್ಲಿ ಮೂಲನಿವಾಸಿಗಳು ಅದೇ ದಿನವನ್ನು ಶೋಕದ ದಿನವಾಗಿ ಆಚರಿಸುತ್ತಿರುವುದನ್ನೂ ಮರೆಮಾಚುವುದಿಲ್ಲ. ಆ ಮಾತನ್ನು ಆರಂಭಿಸಲು ನನಗೆ ಟಾಪಿಂಗ್‌ಗಳೇ ಸಹಜವಾದ ದಾರಿ ಎನಿಸಿವೆ. ಕ್ರ್ಯಾನ್‌ಬೆರಿ, ಪೆಕಾನ್, ಮೇಪಲ್ ಮೂರೂ ಈ ನೆಲದವು. ಚಳಿಗಾಲದ ಕೊನೆಯಲ್ಲಿ ಮೇಪಲ್ ಮರದ ರಸವನ್ನು ಇಳಿಸಿ ಸಿಹಿಯಾಗಿಸುವುದನ್ನು ಇಲ್ಲಿನ ಮೂಲನಿವಾಸಿಗಳು ಯೂರೋಪಿನವರು ಬರುವ ಮೊದಲೇ ಬಲ್ಲವರಾಗಿದ್ದರು. ಸುಮಾರು 40 ಲೀಟರ್ ರಸ ಬತ್ತಿ ಒಂದು ಲೀಟರ್ ಸಿರಪ್ ಆಗುತ್ತದೆ ಎಂದು ತಿಳಿದ ಮಗು ತಟ್ಟೆಯಲ್ಲಿ ಅದನ್ನು ಉಳಿಸುವುದಿಲ್ಲ.

ಅಮ್ಮ, ಅಜ್ಜಿ ಅಂದಾಜಿನಲ್ಲಿ ಹಾಕುವುದನ್ನು ಬರೆದಿಟ್ಟುಕೊಳ್ಳುವುದು ಹೇಗೆ?

ಅವರನ್ನು ಅಳತೆ ಕೇಳಬೇಡಿ, ಅವರ ಪಕ್ಕದಲ್ಲಿ ತಕ್ಕಡಿ ಇಟ್ಟುಕೊಂಡು ನಿಲ್ಲಿ. ಬೆಲ್ಲದ ಡಬ್ಬಿಯನ್ನು ಅವರು ಮುಟ್ಟುವ ಮೊದಲು ಮತ್ತು ಮುಟ್ಟಿದ ನಂತರ ತೂಗಿದರೆ ಅವರ ಕೈ ಅಳತೆ ಗ್ರಾಮಿನಲ್ಲಿ ಸಿಗುತ್ತದೆ. ಅವರು ಹದವನ್ನು ಹೇಳುವ ಮಾತನ್ನು, "ಘಮ ಬಂದ ಮೇಲೆ ಇಳಿಸು" ಎಂಬಂಥದ್ದನ್ನು, ಹೇಳಿದಂತೆಯೇ ಬರೆಯಿರಿ. ಅಮೆರಿಕದ ಮನೆಗಳಲ್ಲಿ ಪಾಕಕ್ರಮದ ಕಾರ್ಡುಗಳನ್ನು ಸಣ್ಣ ಪೆಟ್ಟಿಗೆಯಲ್ಲಿ ಪೀಳಿಗೆಯಿಂದ ಪೀಳಿಗೆಗೆ ಉಳಿಸಿಕೊಂಡು ಬರುವ ಒಳ್ಳೆಯ ಪದ್ಧತಿಯಿದೆ. ಕನ್ನಡದಲ್ಲಿ ಬರೆದ ಕಾರ್ಡಿನ ಹಿಂಬದಿಯಲ್ಲಿ ಇಂಗ್ಲಿಷಿನಲ್ಲಿಯೂ ಬರೆದರೆ ಇಲ್ಲಿ ಬೆಳೆದ ಮೊಮ್ಮಕ್ಕಳಿಗೂ ಉಪಯೋಗವಾಗುತ್ತದೆ. ಯಾರು ಮಾಡಿದ್ದು, ಯಾವ ವರ್ಷ, ಯಾರ ಮನೆಯಲ್ಲಿ, ಅಂದು ಯಾರು ಯಾರು ಬಂದಿದ್ದರು ಎಂಬುದನ್ನು ಮೂಲೆಯಲ್ಲಿ ಬರೆಯಲು ಮರೆಯಬೇಡಿ. ಹಿರಿಯರು ವೀಸಾ ಮುಗಿದು ಊರಿಗೆ ಮರಳಿದ ವರ್ಷಗಳಲ್ಲಿ ಆ ಮೂಲೆಯ ಸಾಲನ್ನೇ ಮನೆಯವರು ಮೊದಲು ಓದುತ್ತಾರೆ.

ಉಳಿದ ಟಾಪಿಂಗ್‌ಗಳನ್ನು ಏನು ಮಾಡಬೇಕು?

ಕಡೆದ ಕ್ರೀಮನ್ನು ಬೆಣ್ಣೆ ಕಾಗದದ ಮೇಲೆ ಚಮಚದಷ್ಟೇ ಗುಡ್ಡೆಗಳಾಗಿ ಇಟ್ಟು ಫ್ರೀಜರಿನಲ್ಲಿ ಗಟ್ಟಿಯಾಗಿಸಿ, ಅನಂತರ ಡಬ್ಬಿಗೆ ತುಂಬಿದರೆ ಬಿಸಿ ಕಾಫಿಯ ಮೇಲೆ ಒಂದೊಂದಾಗಿ ಹಾಕಿಕೊಳ್ಳಬಹುದು. ಬೆಲ್ಲದ ಸಾಸ್ ಶುಕ್ರವಾರ ಬೆಳಗಿನ ದೋಸೆಗೆ ಸಲ್ಲುತ್ತದೆ. ಕ್ರ್ಯಾನ್‌ಬೆರಿ ಸಾಸನ್ನು ಗಟ್ಟಿ ಮೊಸರಿಗೆ ಬೆರೆಸಿ, ಫ್ರಿಜ್ಜಿನಲ್ಲಿಟ್ಟು ಒಂದು ವಾರದೊಳಗೆ ಮುಗಿಸಿ. ಸಕ್ಕರೆ ಲೇಪಿಸಿದ ಪೆಕಾನ್ ಬೀಜಗಳು ಗಾಳಿಯಾಡದ ಡಬ್ಬಿಯಲ್ಲಿದ್ದರೆ ಹೊರಗಡೆಯೇ ಒಂದೆರಡು ವಾರ ಗರಿಗರಿಯಾಗಿರುತ್ತವೆ.